ತುಟಿ ಮುಚ್ಚಿ ಹೇಳುವ ಮಗ್ಗಿ

೧೯೭೫ರ ಮಾರ್ಚಿನ ಈ ನಸುಕಿನಲ್ಲಿ ಸಿಂದಗಿ ಬಸ್ ನಿಲ್ದಾಣಕ್ಕೆ ಇನ್ನೂ ಬೆಳಕು ಬಂದಿಲ್ಲ. ಚಹಾದಂಗಡಿಯ ಮಲಿಕಸಾಬರು ಯಾರೂ ಕೇಳದಿದ್ದರೂ ತಮ್ಮ ಕಂದೀಲನ್ನು ಕಲ್ಲುಬೆಂಚಿನ ಹತ್ತಿರ ಸರಿಸಿಡುತ್ತಾರೆ. ಮೋರಟಗಿಯ ಮೊದಲ ಬಸ್ಸಿನಿಂದ ಇಳಿದ ಶ್ರೀಶೈಲಪ್ಪ ಮಾಸ್ತರರು ಹೆಗಲ ಮೇಲಿನ ಟವೆಲ್ಲಿನಿಂದ ಬೆಂಚು ಒರೆಸಿ, ಜೊತೆಗೆ ಬಂದ ಶಂಕ್ರೆವ್ವನನ್ನು ಕೂರಿಸುತ್ತಾರೆ. ಐದನೆಯ ಇಯತ್ತೆಯ ಈ ಹುಡುಗಿಗೆ ಇಂದು ಗಣಿತದ ವಾರ್ಷಿಕ ಪರೀಕ್ಷೆ. ಇವರ ಬಗ್ಗೆ ಬರೆಯಲೆಂದು ಬಂದ ನಾನು ಬೆಂಚಿನ ತುದಿಯಲ್ಲಿ ಕೂರುತ್ತೇನೆ.

"ಹದಿನೇಳ ಎಂಟ್ಲೆ?"

ಹುಡುಗಿಯ ತುಟಿ ಅಲುಗುತ್ತದೆ.

"ಹೂಂ, ಬಾಯಿ ಮುಚ್ಚು. ಕಾಲಿನ ಬೆರಳು ಆಡಸು."

"ನಿಮ್ಮ ಪಗಾರ ಮೋರಟಗ್ಯಾಗ, ಚಾಕರಿ ನನ್ನ ಬೆಂಚಿನ ಮ್ಯಾಲ" ಎಂದು ಮಲಿಕಸಾಬರು ಚುಡಾಯಿಸುತ್ತಾರೆ. ಮಾಸ್ತರರು ನಗುತ್ತಾರೆ.

ಸಿಂದಗಿಯ ಕೆಲವು ವರ್ತಕರು ಹೋದ ವರ್ಷದಿಂದ ಹಳ್ಳಿಯ ಜಾಣ ಮಕ್ಕಳಿಗೆ ಒಂದು ಚೀಟಿ ಕೊಡುತ್ತಿದ್ದಾರೆ. ಅದನ್ನು ತೋರಿಸಿದರೆ ಪಟ್ಟಣದ ಖಾಸಗಿ ಶಾಲೆಯ ಫೀಯನ್ನು ಅವರೇ ತುಂಬುತ್ತಾರೆ. ಮಗು ನಪಾಸಾದರೆ ಚೀಟಿ ರದ್ದು. ಆದರೆ ಹಾಗೆ ಸೇರಿದ ಬಹಳ ಮಕ್ಕಳ ಅಂಕ ಮೊದಲ ವರ್ಷವೇ ಇಳಿದಿದೆ. ಕುರಿ ಕಾಯುವ ಅಮಸಿದ್ದನ ಮಗಳು ಶಂಕ್ರೆವ್ವ ಮೋರಟಗಿಯ ಸರಕಾರಿ ಶಾಲೆಗೆ ಮೊದಲಿಗಳಾಗಿದ್ದು, ಈ ವರ್ಷ ಚೀಟಿ ಪಡೆದು ಸಿಂದಗಿಗೆ ಬಂದಳು. ಇಲ್ಲಿ ಆರು ತಿಂಗಳ ಪರೀಕ್ಷೆಯಲ್ಲಿ ಗಣಿತದಲ್ಲೇ ಬಿದ್ದಳು.

"ನಮ್ಮ ಸಾಲ್ಯಾಗ ಮಗ್ಗಿ ಅಂದ್ರ ಹಾಡ್ರಿ, ಓಣಿಗೆಲ್ಲಾ ಕೇಳಸ್ತೈತಿ" ಎನ್ನುತ್ತಾರೆ ಮಾಸ್ತರರು. "ಇಲ್ಲಿ ಗುಣುಗುಣು ಅಂದ್ರ ಬೆಂಚಿನ ಮ್ಯಾಲ ನಿಂದರಸ್ತಾರ. ಹಾಡು ನಿಂತಿತು, ಲೆಕ್ಕಾನೂ ನಿಂತಿತು. ಈಗ ಮನಸಿನ್ಯಾಗ ಹಾಡಾಕ ಕಲಸಾಕತ್ತೇನಿ."

ದೀಪಾವಳಿಯಿಂದ ಇದೇ ನೇಮ. ಏಳೂವರೆಗೆ ಹುಡುಗಿಯನ್ನು ಶಾಲೆಗೆ ಬಿಟ್ಟು, ಹನ್ನೊಂದಕ್ಕೆ ತೆರೆಯುವ ತಮ್ಮ ಶಾಲೆಗೆ ಮರಳುತ್ತಾರೆ. ಅಲ್ಲಿಯೂ ಚಿಂತೆ ತಪ್ಪಿಲ್ಲ. ಮಕ್ಕಳು ಹೀಗೇ ಕಡಿಮೆಯಾದರೆ ಇಬ್ಬರು ಮಾಸ್ತರರಲ್ಲಿ ಕಿರಿಯರಾದ ಇವರನ್ನೇ ಎತ್ತಂಗಡಿ ಮಾಡುವ ಮಾತಿದೆ.

"ಇವಳು ನಪಾಸಾದರೆ ನಿಮ್ಮ ಶಾಲೆಗೇ ಬರುತ್ತಾಳಲ್ಲ?" ಎಂದು ಕೇಳುತ್ತೇನೆ.

ಅವರು ಟವೆಲ್ಲನ್ನು ನಿಧಾನವಾಗಿ ಮಡಚುತ್ತಾರೆ. "ಬರ್ತಾಳ್ರಿ ಅವ್ವಾರ. ಮಾರಿ ಕೆಳಗ ಹಾಕ್ಕೊಂಡು ಬಂದ ಕೂಸಿಗೆ ನಾ ಏನ್ ಕಲಸ್ಲಿ? ಪಾಸಾಗಿ ಬ್ಯಾಸಗಿ ಸೂಟಿಗೆ ಬರ್ಲಿ. ಸಣ್ಣವ್ರಿಗೆ ಮಗ್ಗಿ ಹೇಳಿಕೊಡ್ಲಿ, ಸಾಕು."

ನಿಲ್ದಾಣದ ಪಕ್ಕದಲ್ಲೇ ಇರುವ ಶಾಲೆಯ ಗಂಟೆ ಬಾರಿಸುತ್ತದೆ. ಒಳಗೆ ಹೋಗಲು ಅಪ್ಪಣೆಯಿಲ್ಲದ ಮಾಸ್ತರರು ಕಂಪೌಂಡಿನ ಹೊರಗೇ ನಿಲ್ಲುತ್ತಾರೆ. ತಗ್ಗಿನ ಕಿಟಕಿಯಿಂದ ಶಂಕ್ರೆವ್ವ ಕಾಣುತ್ತಾಳೆ. ಪ್ರಶ್ನೆಪತ್ರಿಕೆ ಹಿಡಿದಿದ್ದಾಳೆ, ಬರೆಯಲು ಇನ್ನೂ ಶುರು ಮಾಡಿಲ್ಲ. ಮಾಸ್ತರರ ಊರಿನ ಬಸ್ಸು ಹಾರ್ನ್ ಹಾಕುತ್ತದೆ; ಅವರು ಕದಲುವುದಿಲ್ಲ.

ಆಮೇಲೆ ಬೆಂಚಿನ ಕೆಳಗೆ, ಧೂಳು ಮೆತ್ತಿದ ಕಾಲಿನ ಹೆಬ್ಬೆರಳು ನೆಲವನ್ನು ಮೆಲ್ಲಗೆ ತಟ್ಟತೊಡಗುತ್ತದೆ. ತುಟಿ ಮುಚ್ಚಿಯೇ ಇದೆ.

"ಹಾಡಾಕತ್ತಾಳ್ರಿ" ಎಂದು ಹೇಳಿ ಮಾಸ್ತರರು ಬಸ್ಸಿನ ಕಡೆ ಓಡುತ್ತಾರೆ.