ಹೊಗೆ ನೋಡಿ ಹೋದವರು

ಪರಿಶೀಲನಾ ಸಮಿತಿ ಬರುತ್ತದೆ ಎಂದಾಗ ನಮ್ಮ ಪ್ರಾಂಶುಪಾಲರಿಗೆ ನಾನು ಪಿಎಚ್.ಡಿ. ಮಾಡಿದವಳೆಂಬುದು ನೆನಪಾಯಿತು. ಶಿಗ್ಗಾಂವದ ಕಾಲೇಜೊಂದರಲ್ಲಿ ಎಂಟು ವರ್ಷದಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಅಲ್ಲಿಯವರೆಗೆ ನನ್ನ ಡಾಕ್ಟರೇಟು ಅವರಿಗೆ ಬೇಕಾದದ್ದು ಆಮಂತ್ರಣ ಪತ್ರಿಕೆಯಲ್ಲಿ ಹಾಕಿಸಲು ಮಾತ್ರ.

"ಮೇಡಂ, ಏನರ ಭಾರಿ ತೋರಸ್ರಿ," ಎಂದರು.

ನನ್ನ ಬಳಿ ಇದ್ದದ್ದು ಉಗುರಗಲದ ಎರಡು ಕರಿ ಚೂರು. ಎರಡರ ಮೇಲೂ ತಾಮ್ರದ ಆಕ್ಸೈಡಿನ ತೆಳು ಪದರ. ಚೆನ್ನಾಗಿ ತಣ್ಣಗಾದರೆ ಅದರಲ್ಲಿ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುತ್ತದೆ. ಅತಿವಾಹಕತೆ ಎನ್ನುವುದು ಇದಕ್ಕೇ. ಒಂದರ ಮೇಲೆ ಮಾತ್ರ ಕಾಂತಗುಣದ ಮ್ಯಾಂಗನೀಸ್ ಆಕ್ಸೈಡನ್ನೂ ಕೂರಿಸಿದ್ದೆ. ಕಾಂತ ಮಗ್ಗುಲಿಗೆ ಬಂದರೆ ಆ ಸಲೀಸು ಹರಿವು ಕೆಡುತ್ತದೆ. ಎಷ್ಟು ಕೆಡುತ್ತದೆ ಎಂದು ತಿಳಿಯಲು ಪಿಎಚ್.ಡಿ.ಯಲ್ಲಿ ನನ್ನ ಆರು ವರ್ಷ ಹೋಗಿತ್ತು.

ತಣ್ಣಗಾಗಿಸಲು ದ್ರವ ಸಾರಜನಕ ಬೇಕು. ನಮ್ಮ ಕಡೆ ಅದು ಸಿಗುವುದು ದನದ ದವಾಖಾನೆಯಲ್ಲಿ. ಹೋರಿಯ ವೀರ್ಯ ಕೆಡದಂತೆ ಇಡಲು ಅಲ್ಲಿ ಬಳಸುತ್ತಾರೆ. ಸವಣೂರು ಕಡೆಯ ಅಂಥದೊಂದು ದವಾಖಾನೆಯ ಕಂಪೌಂಡರ್ ಸಣ್ಣ ಕ್ಯಾನೊಂದನ್ನು ಬೈಕಿಗೆ ಕಟ್ಟಿಕೊಂಡು ತಾವೇ ತಂದುಕೊಟ್ಟರು. ಯಾತಕ್ಕೆಂದು ಕೇಳಿದ್ದಕ್ಕೆ ಅವರಿಗೆ ಪ್ರಯೋಗವನ್ನೆಲ್ಲ ಹೇಳಿದ್ದೆ.

ಸಮಿತಿಯ ಮೂವರು ಬಂದರು. ಶಾಲು, ಹಾರ, ಖಾರ, ಚಹಾ ಎಲ್ಲ ಆಯಿತು. ಲ್ಯಾಬಿನಲ್ಲಿ ಅಧ್ಯಕ್ಷರು ಚೂರುಗಳನ್ನು ನೋಡಿ, "ಇವೇನ್ರಿ, ಮೊಬೈಲ್ ಸಿಮ್ಮಾ?" ಎಂದರು. ನಾನು ಹೇಳತೊಡಗಿದೆ. ಎರಡನೇ ವಾಕ್ಯಕ್ಕೇ ಕೈಯೆತ್ತಿ ತಡೆದು, ಮನುಷ್ಯನ ಮೈಯಲ್ಲೂ ಕಾಂತವಿದೆ, ಅದಕ್ಕೇ ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಎಂದು ನನಗೆ ವಿಜ್ಞಾನ ಕಲಿಸಿದರು. ಉಳಿದಿಬ್ಬರು ತಲೆಯಾಡಿಸಿದರು. ಒಬ್ಬರಂತೂ ಅದನ್ನು ಬರೆದುಕೊಂಡರು.

ಅಷ್ಟರಲ್ಲಿ ಪ್ರಾಂಶುಪಾಲರು, "ಹೊಗಿ ಬರ್ತೈತಲ್ರಿ, ಅದನ್ನಷ್ಟ ತೋರಸ್ರಿ, ಸಾಕು," ಎಂದವರೇ ಕ್ಯಾನು ಎತ್ತಿ, ಗುಲಾಬಿ ಪಕಳೆ ಹಾಕಿದ್ದ ಅಗಲ ಪರಾತದೊಳಗೆ ಸುರಿದರು. ಬಿಳಿ ಹೊಗೆ ಮೇಜಿನಿಂದ ಕೆಳಗಿಳಿಯಿತು. ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರು ಹೊಗೆಯ ಹಿಂದೆ ನಾಟಕದ ಪರಮಾತ್ಮನ ಹಾಗೆ ನಿಂತು ಫೋಟೊ ತೆಗೆಸಿಕೊಂಡು, "ಎಕ್ಸಲೆಂಟ್!" ಎಂದು ಕಾರು ಹತ್ತಿದರು.

ಕ್ಯಾನು ವಾಪಸು ಒಯ್ಯಬೇಕಿದ್ದ ಕಂಪೌಂಡರ್ ಮಾತ್ರ ಅಲ್ಲೇ ನಿಂತಿದ್ದರು.

"ಮೇಡಂ, ನೀವು ಮಾಡ್ತೇನಿ ಅಂದಿದ್ದು ಮಾಡಲೇ ಇಲ್ಲಲ್ರಿ? ತಳದಾಗ ಇನ್ನೂ ಸ್ವಲ್ಪ ಐತಿ."

ಥರ್ಮಾಕೋಲ್ ಲೋಟಕ್ಕೆ ಅದನ್ನು ಬಗ್ಗಿಸಿ ಎರಡೂ ಚೂರು ಮುಳುಗಿಸಿದೆವು. ಮೀಟರ್ ಓದಿದವರು ಅವರೇ. ಒಂದರಲ್ಲಿ ತಡೆ ಸೊನ್ನೆಗಿಳಿಯಿತು; ಕಾಂತದ ಪದರವಿದ್ದದ್ದು ಇಳಿಯಲಿಲ್ಲ. ಅವರು ತುಸು ಹೊತ್ತು ನೋಡಿ ಕೇಳಿದರು: "ಆ ಕಾಂತ ಪೂರ್ತಿ ಕೆಡಸ್ತೈತೋ, ಹತ್ತಿಕೊಂಡಲ್ಲಷ್ಟ ಕೆಡಸ್ತೈತೋ?"

ನನ್ನ ಇಡೀ ಪ್ರಬಂಧದ ಪ್ರಶ್ನೆ ಅದು. ಈ ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲ.

"ಹತ್ತಿಕೊಂಡಲ್ಲಿ ಭಾಳ, ದೂರ ಹೋದಂಗ ಕಡಿಮಿ. ಇದರಾಗ ತಾಮ್ರದ ಪದರಾನ ಅಗದಿ ತೆಳು ಐತ್ರಿ, ತಪ್ಪಿಸಿಕೊಳ್ಳಾಕ ಜಾಗಾನ ಇಲ್ಲ," ಎಂದೆ.

ತಿಂಗಳ ನಂತರ ವರದಿ ಬಂತು: ಅತಿವಾಹಕತೆಯ ಉನ್ನತ ಪ್ರಯೋಗವನ್ನು ಸಮಿತಿ ಕಣ್ಣಾರೆ ಕಂಡಿದೆಯಂತೆ. ಕೆಳಗೆ ವಿಭಾಗದ ಮುಖ್ಯಸ್ಥೆಯಾಗಿ ನನ್ನ ಸಹಿ ಬೇಕಿತ್ತು. ಪ್ರಾಂಶುಪಾಲರು ಪೆನ್ನು ಕೊಟ್ಟರು, ಹಾಕಿದೆ. ಅಧ್ಯಕ್ಷರ ಮೇಲೂ ಬಂದಿರದಷ್ಟು ಹೇಸಿಕೆ ಅವತ್ತು ನನ್ನ ಮೇಲೆಯೇ ಬಂತು.