ಮೇಲಿನಮ್ಮನ ತೋಳಿನ ಕಾಗೆ

ಕೆಲಸದ ಜಾಗದಲ್ಲಿ ನಮ್ಮ ಅತ್ತೆಯನ್ನು ಎಲ್ಲರೂ ಮೇಲಿನಮ್ಮ ಎನ್ನುತ್ತಾರೆ. ಅವಳು ಯಾರಿಗೂ ಮೇಲಧಿಕಾರಿಯಲ್ಲ, ಕೂರುವ ಜಾಗ ಮಾತ್ರ ಎಲ್ಲರಿಗಿಂತ ಮೇಲಿದೆ. ಎತ್ತರದ ಕಟ್ಟಡ ಕಟ್ಟುವಲ್ಲಿ ನಿಲ್ಲಿಸುವ ಕ್ರೇನಿನ ತಲೆಯ ಹತ್ತಿರ ಒಂದು ಗಾಜಿನ ಗೂಡು. ಅದರೊಳಗೆ ಕೂತು, ಎರಡು ಹಿಡಿಕೆಗಳನ್ನು ಅತ್ತಿತ್ತ ಆಡಿಸುತ್ತಾ, ಕಬ್ಬಿಣದ ಸರಳಿನ ಕಟ್ಟುಗಳನ್ನು ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಕೆಳಗಿಳಿಸುತ್ತಾಳೆ.

ಆ ಗೂಡಿಗೆ ಹೋಗಲು ನೂರಾ ನಲವತ್ತೆರಡು ಮೆಟ್ಟಿಲಿನ ಏಣಿ. ಬೆಳಿಗ್ಗೆ ಏಳಕ್ಕೆ ಹತ್ತಿದರೆ ಇಳಿಯುವುದು ಸಂಜೆಗೇ. ಊಟದ ಡಬ್ಬಿಯೂ ಮೇಲೇ. ನಡುವೆ ಇಳಿದರೆ ಕ್ರೇನ್ ನಿಲ್ಲುತ್ತದೆ, ಕ್ರೇನ್ ನಿಂತರೆ ಕೆಳಗೆ ಮೂವತ್ತು ಜನ ಕೈಕಟ್ಟಿ ಕೂರಬೇಕು. ತನ್ನಿಂದ ಕೆಲಸ ನಿಂತಿತು ಅನ್ನುವ ಮಾತು ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ ಎಂಬುದು ಅತ್ತೆಯ ಹೆಮ್ಮೆ. ಆ ಹೆಮ್ಮೆಯ ಗುಟ್ಟು ಬಹಳ ಸರಳ: ಅವಳು ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ ಚಹಾ, ಮಧ್ಯಾಹ್ನ ಗಂಟಲಿಗೆ ಅನ್ನ ಸಿಕ್ಕಿಕೊಂಡರೆ ಒಂದು ಗುಟುಕು, ಅಷ್ಟೇ. ಕುಡಿದರೆ ತಾನೇ ಇಳಿಯುವ ಅವಸರ? ತುಟಿ ಸದಾ ಬಿರುಕು, ಮೊಣಕೈ ಮರದ ತೊಗಟೆ. ಪ್ರೀತಿಯಿಂದ ನಮ್ಮ ತಲೆ ಸವರಿದರೆ ಕೂದಲು ಅವಳ ಬೆರಳಿಗೆ ಸಿಕ್ಕಿಕೊಳ್ಳುತ್ತಿತ್ತು. ಅದೆಲ್ಲ ಮೇಲಿನ ಗಾಳಿಯ ಗುಣ ಎಂದು ತಳ್ಳಿಹಾಕುತ್ತಿದ್ದಳು.

ಇಂಥ ಚರ್ಮದ ಮೇಲೆ ನಮ್ಮ ಅಕ್ಕ ತನ್ನ ಮುಂದಿನ ಬದುಕನ್ನು ಬರೆಯಬೇಕಾಗಿ ಬಂತು.

ಅಕ್ಕ ಎರಡು ವರ್ಷದಿಂದ ಹಚ್ಚೆ ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಮೊದಲ ವರ್ಷ ನೆಲ ಒರೆಸಿ, ಶಾಯಿಯ ಬಟ್ಟಲು ಜೋಡಿಸಿದ್ದಾಯಿತು. ಎರಡನೆಯ ವರ್ಷ ರಬ್ಬರಿನ ಹಾಳೆಯ ಮೇಲೆ ಸೂಜಿ ಹಿಡಿದದ್ದಾಯಿತು. ಅಂಗಡಿಯಲ್ಲಿ ಕಿಟಕಿಯ ಪಕ್ಕ ಎರಡನೆಯ ಕುರ್ಚಿಯೊಂದು ಖಾಲಿ ಇತ್ತು. ಅದು ಸಿಕ್ಕರೆ ಅವಳೂ ಕಸುಬುದಾರಳು. ಆದರೆ ಅಂಗಡಿಯ ಯಜಮಾನಿಗೆ ಒಂದು ನಿಯಮವಿತ್ತು. ಕಲಿಯುವವರು ಜೀವಂತ ತೋಳಿನ ಮೇಲೆ ಒಂದು ಹಚ್ಚೆ ಹಾಕಬೇಕು. ಅದನ್ನು ಅವರು ಆ ದಿನ ನೋಡುವುದಿಲ್ಲ, ಮೂವತ್ತು ದಿನ ಬಿಟ್ಟು ನೋಡುತ್ತಾರೆ. ಸೂಜಿ ಎತ್ತಿದ ದಿನ ಎಲ್ಲ ಹಚ್ಚೆಯೂ ಚೆಂದವೇ, ಗಾಯ ಮಾಗಿದ ಮೇಲೆ ಉಳಿದದ್ದು ಮಾತ್ರ ನಿನ್ನ ಕೆಲಸ ಎನ್ನುತ್ತಿದ್ದರು. ಕೆಲಸ ಒಪ್ಪಿಗೆಯಾಗದಿದ್ದರೆ ಕುರ್ಚಿ ಇನ್ನೊಬ್ಬಳ ಪಾಲು. ಆ ಇನ್ನೊಬ್ಬಳು ವಾರಕ್ಕೊಮ್ಮೆ ಬಂದು ಕುರ್ಚಿಯನ್ನು ನೋಡಿಕೊಂಡು ಹೋಗುತ್ತಿದ್ದಳು.

ಮನೆಯಲ್ಲಿ ತೋಳಿನ ಮಾತು ತೆಗೆದದ್ದೇ ತಡ, ಅಪ್ಪನಿಗೆ ಭುಜ ನೋವು ಶುರುವಾಯಿತು. ಅಮ್ಮ ಸೆರಗು ಹೊದ್ದು ಕೂತಳು. ಅತ್ತೆ ಮಾತ್ರ ತೋಳು ಮಡಚಿ, "ಇದು ಸುಮ್ಮನೆ ಬಿದ್ದಿದೆ, ಬಾರೇ" ಎಂದಳು.

ಅಕ್ಕನಿಗೆ ಹೂವಿನ ಬಳ್ಳಿ ಬಿಡಿಸುವ ಆಸೆ. ಹೂವಿಗೆ ಅತ್ತೆ ಸೊಪ್ಪು ಹಾಕಲಿಲ್ಲ. ದಿನವೂ ತನ್ನ ಗೂಡಿನ ಪಕ್ಕ ಬಂದು ಕೂರುವ ಕಾಗೆಯೇ ಬೇಕು, ಅದು ಕ್ರೇನಿನ ಕೊಕ್ಕೆಯ ಮೇಲೆ ಕೂತಿರಬೇಕು ಎಂದಳು. ಕಾಗೆಯೆಂದರೆ ರೆಕ್ಕೆ, ಬಾಲ ಪೂರ್ತಿ ಕಪ್ಪು ತುಂಬಬೇಕು. ಹೊಸಬರಿಗೆ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ನಾಲ್ಕು ಗಂಟೆ ಹಿಡಿಯಿತು. ಅತ್ತೆ ಒಮ್ಮೆಯೂ ಮುಖ ಕಿವುಚಲಿಲ್ಲ. ಕಾಗೆಗೆ ಕಣ್ಣು ಇಟ್ಟಾಗ ಮಾತ್ರ, ಸ್ವಲ್ಪ ಕಳ್ಳಗಣ್ಣು ಮಾಡು, ನನ್ನ ಡಬ್ಬಿಯ ಮೇಲೆ ಅದರ ಕಣ್ಣು ಹಾಗೇ ಇರುತ್ತೆ ಎಂದು ಹೇಳಿಕೊಟ್ಟಳು.

ಆಮೇಲೆ ಅಕ್ಕ ಎಲ್ಲವನ್ನೂ ಹೇಳಿದಳು. ದಿನಕ್ಕೆರಡು ಸಲ ಮೃದುವಾಗಿ ತೊಳೆಯಬೇಕು, ತೆಳ್ಳಗೆ ಮುಲಾಮು ಸವರಬೇಕು, ಬಿಸಿಲು ಬೀಳದಂತೆ ಸಡಿಲ ತೋಳಿನ ಅಂಗಿ ಹಾಕಬೇಕು, ಕೆರೆಯಬಾರದು. ಮತ್ತೆ, ಹೊಟ್ಟೆ ತುಂಬ ನೀರು ಕುಡಿಯಬೇಕು. ನೀರಿನಿಂದಲೇ ಗಾಯ ಮಾಗುವುದಿಲ್ಲ, ಆದರೆ ಮೈಯೇ ಒಣಗಿದ್ದರೆ ಚರ್ಮವೂ ಒಣಗಿ ಬಿಗಿಯುತ್ತದೆ, ತುರಿಸುತ್ತದೆ, ಹಕ್ಕಳೆ ದಪ್ಪಗಾಗಿ ಬಿರಿಯುತ್ತದೆ. ಅದು ಕಿತ್ತು ಬಂದರೆ ಶಾಯಿಯೂ ಅದರ ಜೊತೆ ಬರುತ್ತದೆ.

ಅತ್ತೆ ಎಲ್ಲಕ್ಕೂ ತಲೆಯಾಡಿಸಿದಳು. ಮಾರನೆಯ ದಿನವೇ ಅಕ್ಕ ಒಂದು ದೊಡ್ಡ ಬಾಟಲಿ ತುಂಬಿಸಿ ಅವಳ ಚೀಲಕ್ಕೆ ಹಾಕಿದಳು. ಸಂಜೆ ಬಾಟಲಿ ಖಾಲಿಯಾಗಿ ಬಂತು. ಅದರ ಮರುದಿನವೂ ಖಾಲಿ. ಅಕ್ಕನ ಮುಖ ಅರಳಿತು. ಆದರೆ ಐದನೆಯ ದಿನಕ್ಕೆ ಕಾಗೆಯ ಬೆನ್ನು ಒಣಗಿದ ಕೆಸರಿನ ಹಾಗೆ ಬಿರಿಯಿತು. ಎಂಟನೆಯ ದಿನ ಬಾಲದ ಹಕ್ಕಳೆ ಗೂಡಿನ ಬಾಗಿಲಿಗೆ ತಾಗಿ ಎದ್ದು ಹೋಯಿತು. ಆ ಜಾಗ ಮಾಸಲು ಬಣ್ಣಕ್ಕೆ ತಿರುಗಿತು. ಇದೇನು, ನಿನ್ನ ಕಾಗೆ ಪುಕ್ಕ ಉದುರಿಸ್ತಿದೆಯಲ್ಲ ಎಂದು ಅಪ್ಪ ಅತ್ತೆಯನ್ನು ಛೇಡಿಸಿದ. ಅಕ್ಕ ನಗಲಿಲ್ಲ. ಸೂಜಿ ಆಳ ಹೋಯಿತೋ, ಶಾಯಿ ಸರಿಯಿಲ್ಲವೋ, ತನ್ನ ಕೈಯೇ ಸರಿಯಿಲ್ಲವೋ ಎಂದು ಊಟ ಬಿಟ್ಟು ಕೂತಳು. ಅತ್ತೆ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಗುಟ್ಟು ರಟ್ಟಾದದ್ದು ಸಿಗ್ನಲ್ ಅಣ್ಣನಿಂದ. ಕೆಳಗೆ ನಿಂತು ವಾಕಿಟಾಕಿಯಲ್ಲಿ ಅತ್ತೆಗೆ ಎಡ ಬಲ ಹೇಳುವವರು ಅವರೇ. ಶನಿವಾರ ಸಂಜೆ ಅತ್ತೆ ಮರೆತು ಬಂದ ಡಬ್ಬಿ ಕೊಡಲು ಮನೆಗೆ ಬಂದರು. ಚಹಾ ಕುಡಿಯುತ್ತಾ ಅಪ್ಪನ ಹತ್ತಿರ ಒಂದು ವಿಚಿತ್ರ ಹೇಳಿಕೊಂಡರು. ಈ ವಾರ ಪೂರ್ತಿ ಮಧ್ಯಾಹ್ನ ಮೂರೂವರೆಗೆ ಸರಿಯಾಗಿ ಅವರ ಹೆಲ್ಮೆಟ್ಟಿನ ಮೇಲೆ ನಾಲ್ಕು ಹನಿ ಬೀಳುತ್ತಿವೆಯಂತೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಇಂಜಿನಿಯರಿಗೆ ಹೇಳಿದರೆ ಬೆವರಿರಬೇಕು ಅಂದರಂತೆ.

"ಬೆವರು ಮೇಲಿಂದ ಬೀಳುತ್ತಾ, ನೀವೇ ಹೇಳಿ," ಎಂದರು ಸಿಗ್ನಲ್ ಅಣ್ಣ.

ಅಕ್ಕ ಬಾಟಲಿಯನ್ನು ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು. ಅತ್ತೆ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಅತ್ತೇ, ದಿನಾ ನೀರು ಚೆಲ್ತಿದ್ದೀಯಾ?"

"ಖಾಲಿ ಬಾಟಲಿ ನೋಡಿದ್ರೆ ನಿಂಗೆ ಖುಷಿ ಆಗ್ತಿತ್ತಲ್ಲೇ," ಎಂದಳು ಅತ್ತೆ, ಬಹಳ ಸಣ್ಣ ದನಿಯಲ್ಲಿ.

ಬೈಗುಳ ಬರುತ್ತದೆ ಎಂದುಕೊಂಡೆವು, ಬರಲಿಲ್ಲ. ಅಕ್ಕ ಅವಳ ತೋಳು ಹಿಡಿದು ಆ ಮಾಸಲು ಜಾಗದ ಪಕ್ಕ ಬೆರಳಿಟ್ಟಳು. ಆಗ ಅತ್ತೆ ಏಣಿಯ ಲೆಕ್ಕ, ಮೂವತ್ತು ಜನರ ಲೆಕ್ಕ ಎಲ್ಲ ಬಿಚ್ಚಿಟ್ಟಳು. ನೀರು ಕುಡಿದಷ್ಟು ಸುಲಭ ಅನ್ನೋ ಮಾತಿದೆಯಲ್ಲ, ಅದು ನೆಲದ ಮೇಲೆ ಇರೋರು ಹುಟ್ಟಿಸಿದ್ದು ಎಂದಳು.

ಕೇಳುತ್ತಾ ಕೇಳುತ್ತಾ ಸಿಗ್ನಲ್ ಅಣ್ಣನ ಬಾಯಿ ತೆರೆದೇ ಇತ್ತು. ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಕೆಳಗೆ ಸರಳು ಎಣಿಸಿ ಕಟ್ಟು ಕಟ್ಟಲು ಹೇಗೂ ಅರ್ಧ ಗಂಟೆ ಬೇಕು ಎಂದರು ಅವರು. ಆ ಹೊತ್ತಿನಲ್ಲಿ ಕೊಕ್ಕೆ ಸುಮ್ಮನೆ ನೇತಾಡುತ್ತಿರುತ್ತದೆ. ಈಕೆ ಮೇಲೆ ಕೂತು ನೋಡುತ್ತಿದ್ದಾಳೆ ಎಂದು ಹುಡುಗರು ಬೆನ್ನು ನೆಟ್ಟಗೆ ಮಾಡಲೂ ಹೆದರುತ್ತಾರಂತೆ.

"ನೀವು ಇಳಿದ್ರೆ ನಾವು ಮೂವತ್ತು ಜನ ಹಬ್ಬ ಮಾಡ್ತೀವಿ, ಮೇಲಿನಮ್ಮ," ಎಂದರು. "ಇಷ್ಟು ವರ್ಷ ನೀವು ಇಳಿಯಲ್ಲ ಅಂತಲೇ ನಾವೂ ಕೂರ್ತಿರಲಿಲ್ಲ."

ಅತ್ತೆಗೆ ಇದು ಅಷ್ಟು ಸುಲಭವಾಗಿ ಜೀರ್ಣವಾಗಲಿಲ್ಲ. ಹತ್ತೊಂಬತ್ತು ವರ್ಷದ ಹೆಮ್ಮೆ ಒಂದು ಲೋಟ ಚಹಾ ಮುಗಿಯುವುದರೊಳಗೆ ಕರಗಿಹೋದರೆ ಯಾರಿಗಾದರೂ ಬೇಜಾರೇ. ಭಾನುವಾರ ಪೂರ್ತಿ ಯಾರ ಜೊತೆಯೂ ಮಾತಾಡಲಿಲ್ಲ. ಸೋಮವಾರ ಬಾಟಲಿಯನ್ನು ಅವಳೇ ತುಂಬಿಸಿಕೊಂಡಳು. ಹತ್ತು ಗಂಟೆಗೆ ಏಣಿಯಲ್ಲಿ ಇಳಿದಾಗ ಕೆಳಗಿದ್ದವರು ಏನೋ ಅನಾಹುತವಾಗಿದೆ ಎಂದು ಓಡಿಬಂದರಂತೆ. ಬಚ್ಚಲುಮನೆ ಎಲ್ಲಿದೆ ಎಂದು ಇವಳು ಕೇಳಿದಳಂತೆ. ಆ ಕಟ್ಟಡವನ್ನು ಎಂಟು ತಿಂಗಳಿಂದ ಮೇಲಿನಿಂದ ಇಂಚಿಂಚೂ ಕಂಡವಳಿಗೆ ಅದೊಂದು ಗೊತ್ತಿರಲಿಲ್ಲ.

ಆಮೇಲಿನ ಸುಮಾರು ಮೂರು ವಾರ ಅಕ್ಕ ಹೇಳಿದ್ದನ್ನೆಲ್ಲ ಅತ್ತೆ ಮಾಡಿದಳು. ಉಳಿದ ಹಕ್ಕಳೆ ತೆಳ್ಳಗಾಗಿ, ಈರುಳ್ಳಿಯ ಸಿಪ್ಪೆಯ ಹಾಗೆ ತಾನಾಗಿ ಉದುರಿತು. ತುಟಿಯ ಬಿರುಕು ಮುಚ್ಚಿತು. ಮಧ್ಯಾಹ್ನದ ತಲೆನೋವು ಬರುತ್ತಿಲ್ಲ ಎಂದು ಒಂದು ದಿನ ತಾನೇ ಬೆರಗಾಗಿ ಹೇಳಿದಳು. ಅದನ್ನೂ ಅಷ್ಟು ವರ್ಷ ಗಾಳಿಯ ತಲೆಗೇ ಕಟ್ಟಿದ್ದಳು. ಆದರೆ ಬಾಲದ ಮೇಲಿನ ಆ ಒಂದು ಬೆರಳಗಲ ಮಾತ್ರ ಮಾಸಲಾಗಿಯೇ ಉಳಿಯಿತು.

ಮೂವತ್ತನೆಯ ದಿನ ಯಜಮಾನಿ ಕನ್ನಡಕ ಹಾಕಿಕೊಂಡು ಅತ್ತೆಯ ತೋಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಗೆರೆಗಳ ಮೇಲೆ, ರೆಕ್ಕೆಯ ಮೇಲೆ ನಿಧಾನವಾಗಿ ಕಣ್ಣಾಡಿಸಿ ಬಾಲದ ಹತ್ತಿರ ನಿಂತರು. ಇದು ಯಾಕೆ ಹೀಗಾಯಿತು ಎಂದು ಅಕ್ಕನನ್ನು ಕೇಳಿದರು.

ತಪ್ಪು ತನ್ನದೆಂದು ಹೇಳಲು ಅತ್ತೆ ಬಾಯಿ ತೆರೆದಳು. ಯಜಮಾನಿ ಕೈಯೆತ್ತಿ ತಡೆದರು.

"ನಾನು ಕೇಳಲಿಲ್ಲ ಮೇಡಂ," ಎಂದಳು ಅಕ್ಕ. "ನೀರು ಕುಡಿ ಅಂತ ಹೇಳ್ದೆ. ಎಲ್ಲಿ ಕುಡೀತೀಯಾ, ಕುಡಿದ ಮೇಲೆ ಎಲ್ಲಿಗೆ ಹೋಗ್ತೀಯಾ ಅಂತ ಕೇಳಲಿಲ್ಲ."

ಯಜಮಾನಿ ಗಿರಾಕಿಗಳ ಹೆಸರು, ವಯಸ್ಸು, ಕಾಯಿಲೆ ಬರೆಯಿಸಿಕೊಳ್ಳುವ ಹಾಳೆಯೊಂದನ್ನು ಮೇಜಿನಿಂದ ತೆಗೆದು, ಖಾಲಿ ಜಾಗದಲ್ಲಿ 'ಕೆಲಸ ಏನು, ದಿನ ಹೇಗೆ ಕಳೆಯುತ್ತದೆ' ಎಂದು ಬರೆದರು. ಗೆರೆ ಚೆನ್ನಾಗಿದೆ, ಕಪ್ಪು ಚೆನ್ನಾಗಿ ಕೂತಿದೆ, ಬಾಲವನ್ನು ಇನ್ನು ಎರಡು ವಾರ ಬಿಟ್ಟು ನನ್ನೆದುರೇ ತುಂಬು ಎಂದರು. ಕಿಟಕಿಯ ಪಕ್ಕದ ಆ ಎರಡನೆಯ ಕುರ್ಚಿಯನ್ನು ಕಾಲಿನಿಂದ ಅಕ್ಕನ ಕಡೆಗೆ ಮೆಲ್ಲಗೆ ತಳ್ಳಿ, ಮುಂದಿನ ಗಿರಾಕಿಯನ್ನು ಕರೆಯಲು ಹೋದರು.

ಅಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದಳು, ಕಣ್ಣು ತುಂಬಿತ್ತು. ಅಷ್ಟರಲ್ಲಿ ಅತ್ತೆ ಹೋಗಿ ಅದರ ಮೇಲೆ ಕೂತಾಗಿತ್ತು. ಪಕ್ಕದ ಹಿಡಿಕೆಯನ್ನು ಒತ್ತಿ ಮೇಲಕ್ಕೆ ಹೋದಳು, ಕೆಳಕ್ಕೆ ಬಂದಳು, ಮತ್ತೆ ಮೇಲಕ್ಕೆ ಹೋದಳು.

"ಪರವಾಗಿಲ್ಲ ಕಣೇ," ಎಂದಳು. "ಆದ್ರೆ ಎತ್ತರ ಸಾಲದು."