ದಂಡಿನ ಹೊಲದ ಚಮಚ

ಸುರಪುರದ ಹೊರಗಿರುವ ನಮ್ಮ ಹೊಲಕ್ಕೆ ದಂಡಿನ ಹೊಲ ಎಂದೇ ಹೆಸರು. ಹಿಂದೆ ಲಡಾಯಿಯ ಕಾಲದಲ್ಲಿ ಅಲ್ಲಿ ಸಿಪಾಯಿಗಳು ಡೇರೆ ಹಾಕಿದ್ದರಂತೆ. ಹತ್ತಿ ಬಿತ್ತಲು ಹೋದ ಅಣ್ಣ ಬಟ್ಟೆಯ ಗುಂಡಿ, ಲಾಳ, ಬಾಟಲಿಯ ಚೂರು ಆಯ್ದು ತರುತ್ತಾನೆ. ಒಂದೊಂದನ್ನೂ ಅಂಗಿಯ ತುದಿಯಿಂದ ಒರೆಸಿ, "ಯಾರದೋ ಪಾಪ, ಎಷ್ಟು ಹುಡುಕ್ಯಾಡಿರಬೇಕು" ಎನ್ನುತ್ತಾನೆ.

"ಚಡ್ಡಿ ಗುಂಡಿ ಕಳಕೊಂಡಾವ ಒಂದೇ ಕೈಲೆ ಲಡಾಯಿ ಮಾಡ್ಯಾನೇನಣ್ಣ?" ಎಂದು ನಾನು ಕಾಡಿದರೂ ಅವನಿಗೆ ನಗು ಬರುವುದಿಲ್ಲ.

ಹೋದ ವರ್ಷ ಹಿತ್ತಾಳೆಯ ಚಮಚವೊಂದು ಸಿಕ್ಕಿತು. ಹಿಡಿಯ ಮೇಲೆ ಯಾರೋ ತೆಳ್ಳಗೆ ಗೀರಿದ ಅಕ್ಷರಗಳಿದ್ದವು. ಅದರ ಒಡೆಯನ ಹೆಸರು ತಿಳಿಯಲೇಬೇಕೆಂದು ಅಣ್ಣ ಹಟ ಹಿಡಿದ. ಕೊನೆಗೆ ಕಾಲೇಜಿನ ಮಾಸ್ತರರೊಬ್ಬರು ಓದಿಕೊಡಲು ಒಪ್ಪಿದರು. ದೊಡ್ಡವರು ಬರುತ್ತಾರೆಂದು ನಾನು ಚಮಚಕ್ಕೆ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಚ್ಚಿ ಹಬ್ಬದ ಪಾತ್ರೆಯಂತೆ ತಿಕ್ಕಿದೆ. ಚಮಚ ಬಂಗಾರದಂತೆ ಹೊಳೆಯಿತು. ಅಕ್ಷರಗಳು ಅಳಿಸಿಹೋದವು.

ಮಾಸ್ತರರು ಚಮಚವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಕ್ಷರ ಎಲ್ಲಿ ಅದಾವ್ರಿ?"

"ಇದ್ವುರಿ. ತಿಕ್ಕುವಾಗ ನಮ್ಮ ತಂಗಿನೂ ನೋಡ್ಯಾಳ, ಕೇಳ್ರಿ" ಎಂದ ಅಣ್ಣ.

"ನಾ ಏನೂ ನೋಡಿಲ್ರಿ" ಎಂದುಬಿಟ್ಟೆ.

ಮಾಸ್ತರರು ಬಂದಾರೆಂದು ನೆರೆದಿದ್ದ ಓಣಿಯವರು ಬಿದ್ದು ಬಿದ್ದು ನಕ್ಕರು. ಅಣ್ಣ ಒಮ್ಮೆ ಚಮಚವನ್ನು, ಒಮ್ಮೆ ನನ್ನನ್ನು ನೋಡಿದ. ಮರುದಿನ ಬೆಳಿಗ್ಗೆಯೇ ಶಹಾಪುರದ ಬಸ್ಸು ಹತ್ತಿ ಕಣ್ಣಿನ ಡಾಕ್ಟರ ಬಳಿ ಹೋದ. ಅವನು ಬರುವಷ್ಟರಲ್ಲಿ ನಿಜ ಹೇಳಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬಾಯಿಂದ ಬಂದದ್ದು ಇಷ್ಟೇ: "ಏನಂದ್ರಣ್ಣ?"

"ಕಣ್ಣು ಚಲೋ ಅದಾವ ಅಂದ್ರವ್ವ" ಎಂದ ಅಣ್ಣ, ಚಪ್ಪಲಿ ಬಿಡುತ್ತ. "ಆ ಡಾಕ್ಟರಿಗೆ ಸರಿಯಾಗಿ ನೋಡಾಕ ಬರಂಗಿಲ್ಲ."